ಮನೆಯಲ್ಲಿ ನೆಟ್ ಇದೆ, ತೋಟದ ಕೋಣೆಯಲ್ಲಿ ಇಲ್ಲ

ಮನೆಯಲ್ಲಿ ನೆಟ್ ಚೆನ್ನಾಗಿಯೇ ಇತ್ತು. ತೋಟದ ಕೋಣೆಯಲ್ಲಿ ಮಾತ್ರ ಬಂದು ಹೋಗಿ ಮಾಡುತ್ತಿತ್ತು. ಪೂರ್ತಿ ಹೋದ ನೆಟ್‌ಗಿಂತ ಇದು ಕೆಟ್ಟ ಕಾಯಿಲೆ. ರಿಪೇರಿಯವರು ಬಂದ ದಿನ ಸರಿಯಾಗಿಯೇ ಇರುತ್ತದೆ, ಅವರು ಬೈಕ್ ಹತ್ತಿದ ಮೇಲೆ ಹೋಗುತ್ತದೆ.

ಕೋಣೆ ಎಂದರೆ ಹಿಂದೆ ಅಡಿಕೆ ಸುಲಿಯುತ್ತಿದ್ದ ಹಂಚಿನ ಮಾಡಿನ ಜಾಗ. ಶಿರಸಿ ಕಡೆಯ ಮನೆಗಳು ನಿಮಗೆ ಗೊತ್ತಲ್ಲ, ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ಬೇಣ ಹತ್ತಬೇಕು. ಮನೆಗೆ ಫೈಬರ್ ಬಂದ ಮೇಲೆ ಅಲ್ಲಿಂದ 80 ಮೀಟರ್ ಲ್ಯಾನ್ ಕೇಬಲ್ ಎಳೆಸಿ ನಾವು ಮೂವರೂ ತೋಟದಲ್ಲೇ ಕೆಲಸಕ್ಕೆ ಕೂತೆವು. ಮನೆಯಲ್ಲೇ ಯಾಕೆ ಕೂರಲಿಲ್ಲ ಎಂದು ಕೇಳುವವರು, ಮೀಟಿಂಗ್ ನಡುವೆ ಮಿಕ್ಸರ್ ಸದ್ದು ಕೇಳದವರೇ ಇರಬೇಕು.

ನಮ್ಮಲ್ಲೊಬ್ಬಳು ಬೆಂಗಳೂರಿನ ಕಚೇರಿಯೊಂದಕ್ಕೆ ವಿಡಿಯೋ ಎಡಿಟ್ ಮಾಡುತ್ತಾಳೆ. ಆಗಿನ್ನೂ ಪ್ರೊಬೇಷನ್. ಒಂದೇ ವಾರದಲ್ಲಿ ಮೂರು ಸಲ ಮೀಟಿಂಗ್ ಕಡಿದು ಹೋದಾಗ ಅಲ್ಲಿಂದ ಮೆತ್ತಗೆ ಹೇಳಿದರು: ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಇಲ್ಲಿಗೇ ಬಂದುಬಿಡಿ. ಪಿಜಿ ಬಾಡಿಗೆ, ಊಟ ಕಳೆದರೆ ಆ ಸಂಬಳದಲ್ಲಿ ಊರಿಗೆ ಬಂದು ಹೋಗುವ ಬಸ್ ಚಾರ್ಜೂ ಉಳಿಯುವುದು ಕಷ್ಟ. ಮನೆಯಲ್ಲಿ ಆಯಿ ಒಬ್ಬರೇ. ಹಾಗಾಗಿ ಇದು ಬರೀ ನೆಟ್ ರಿಪೇರಿಯಾಗಿ ಉಳಿಯಲಿಲ್ಲ.

ಊರಿನಲ್ಲಿ ಸಲಹೆಗೆ ಬರವೇ? ಪಂಪ್‌ಸೆಟ್ ಚಾಲೂ ಮಾಡಿದಾಗ ವೋಲ್ಟೇಜ್ ಬೀಳುತ್ತದೆ, ಅದಕ್ಕೇ ನೆಟ್ ಹೋಗುತ್ತದೆ ಎಂದರು. ಮೋಟಾರ್ ಹಾಕಿ ನೋಡಿದೆವು. ರೂಟರ್ ದೀಪ ಅಲುಗಲಿಲ್ಲ. ಕಂಪನಿಯೇ ಮೋಸ ಎಂದರು. ಲ್ಯಾಪ್‌ಟಾಪನ್ನು ಮನೆಗೆ ಒಯ್ದು, ಒಂದು ಗೇಣು ಉದ್ದದ ಕೇಬಲ್‌ನಿಂದ ರೂಟರ್‌ಗೇ ಸಿಕ್ಕಿಸಿ ಅರ್ಧ ದಿನ ಕೆಲಸ ಮಾಡಿದೆವು. ಒಮ್ಮೆಯೂ ಕಡಿಯಲಿಲ್ಲ. ಕಂಪನಿ ಪಾರಾಯಿತು, ಲ್ಯಾಪ್‌ಟಾಪೂ ಪಾರಾಯಿತು. ಕೋಣೆಯ ಸ್ವಿಚ್ಚನ್ನೂ ಮನೆಗೆ ತಂದು ನಡುವೆ ಹಾಕಿ ನೋಡಿದೆವು, ಅದೂ ಪಾರು. ಉಳಿದದ್ದು ನಡುವಿನ 80 ಮೀಟರ್. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಉದ್ದದ ತಕರಾರು ಅಲ್ಲ.

ಆ ಕೇಬಲ್ ಒಳಗೆ ಎಂಟು ತಂತಿ, ಎರಡೆರಡು ಹೆಣೆದ ನಾಲ್ಕು ಜೋಡಿ. ಒಂದು ತುದಿಗೆ ಒಂದು ಪೆಟ್ಟಿಗೆ, ಇನ್ನೊಂದು ತುದಿಗೆ ಇನ್ನೊಂದು ಪೆಟ್ಟಿಗೆ ಸಿಕ್ಕಿಸುವ ಟೆಸ್ಟರ್ ಸಿಗುತ್ತದೆ. ತಂತಿ ಸರಿ ಇದ್ದರೆ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತುತ್ತದೆ. ಪೇಟೆಯ ಕಂಪ್ಯೂಟರ್ ಅಂಗಡಿಯಿಂದ ಕೇಳಿ ತಂದೆವು. ಮಧ್ಯಾಹ್ನದ ಬಿಸಿಲಿಗೆ ಎಂಟೂ ಹತ್ತಿದವು. ಮಾರನೇ ದಿನ ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, 7ನೆಯದು ಹತ್ತಲಿಲ್ಲ. ಎರಡೂ ತುದಿಯ ಪಿನ್ ಕತ್ತರಿಸಿ ಹೊಸದು ಹಾಕಿದರೂ ಅದೇ ಕಥೆ.

ಒಂದೇ ತಂತಿಗೆ ಇಷ್ಟೊಂದು ತೊಂದರೆ ಏಕೆ? 100 ಎಂಬಿಪಿಎಸ್ ವೇಗಕ್ಕೆ 1, 2, 3 ಮತ್ತು 6 ಈ ನಾಲ್ಕು ತಂತಿ ಸಾಕು. 1000ಕ್ಕೆ ಎಂಟೂ ಬೇಕು. ಎರಡೂ ಕಡೆಯ ಯಂತ್ರಗಳು ಹೊಸವಾದರೆ ಮೊದಲು 1000ಕ್ಕೇ ಒಪ್ಪಿಕೊಳ್ಳುತ್ತವೆ, ಆಮೇಲೆ 7ನೇ ತಂತಿ ಸಿಗದೆ ಬಿಟ್ಟುಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಈ ಹಗ್ಗಜಗ್ಗಾಟವೇ ನಮ್ಮ ಬಂದು ಹೋಗುವ ನೆಟ್. ಇದು ಗೊತ್ತಾದ ದಿನವೇ ಅಟ್ಟದಲ್ಲಿದ್ದ, 100ಕ್ಕಿಂತ ಹೆಚ್ಚು ಓಡದ ಹಳೆಯ ಸ್ವಿಚ್ಚನ್ನು ಕೋಣೆಯಲ್ಲಿ ಕೂರಿಸಿದೆವು. ಅದು 1000 ಕೇಳುವುದೇ ಇಲ್ಲ. ನಮ್ಮ ಪ್ಲಾನ್ ಇರುವುದೇ 60 ಎಂಬಿಪಿಎಸ್‌ನದು, ನಷ್ಟವೇನೂ ಆಗಲಿಲ್ಲ. ತಿಂಗಳ ಕೊನೆಯ ಮೀಟಿಂಗ್‌ಗಳೆಲ್ಲ ಆ ಹಳೆಯ ಡಬ್ಬಿಯ ಮೇಲೆಯೇ ನಡೆದವು. ಬೆಂಗಳೂರಿನವರು ಮತ್ತೆ ಆ ಮಾತು ಎತ್ತಲಿಲ್ಲ.

ಕೇಬಲ್ ಉದ್ದಕ್ಕೂ ನಡೆದು ನೋಡಿದಾಗ ಕಾರಣ ಸಿಕ್ಕಿತು. ಕಾಲುವೆ ದಾಟುವಲ್ಲಿ, ಅಡಿಕೆ ದಬ್ಬೆಯ ಅಡಿಯಲ್ಲಿ, ಎಳೆದವರು ಎರಡು ತುಂಡು ಸೇರಿಸಿ ತಂತಿ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಒಳಗೆ ನೀರು. ಬ್ಲೇಡಿನಿಂದ ತಂತಿ ಕೆರೆದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಇಂಥ ಕೇಬಲ್ ಅಗ್ಗ, ಕೈಯಲ್ಲಿ ಹಿಡಿದರೇ ಹಗುರ, ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಕೆರೆದು ನೋಡಿ. ಬೇಜಾರು ಮಾಡಿಕೊಳ್ಳುವ ಅಂಗಡಿಯವರಿಂದ ಕೊಳ್ಳಬೇಡಿ.

ಹೊಸದಾಗಿ ಎಳೆಸುವಾಗ ತಾಮ್ರ ಬೇಡ ಎಂದೆವು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಂದರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ದೂರದಲ್ಲಿ ಬಡಿದರೂ ರೂಟರ್, ಲ್ಯಾಪ್‌ಟಾಪ್ ಎರಡೂ ಸುಡಬಹುದು. ಫೈಬರ್ ಗಾಜು, ಕರೆಂಟ್ ಹಾಯುವುದಿಲ್ಲ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು, ಅಷ್ಟೇ. ಆದರೆ ಹೊರಗೆ ಎಳೆಯುವ ಫೈಬರ್ ಜೊತೆ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ, ಒಳಗೆ ಬರಬಾರದು.

ಇಷ್ಟಾದರೂ ಕನ್ವರ್ಟರ್‌ಗೆ ಕರೆಂಟ್ ಬರುವುದು ಕಂಬದ ಲೈನಿನಿಂದಲೇ. ಗುಡುಗು ಕೇಳಿದರೆ ಈಗಲೂ ಪ್ಲಗ್ ಕಿತ್ತಿಡುತ್ತೇವೆ. ಆಗ ಮೀಟಿಂಗ್ ಇದ್ದರೆ ಮುಂದೂಡಿ ಎಂದು ಮೊದಲೇ ಮೆಸೇಜ್ ಹೋಗಿರುತ್ತದೆ.