ನಗುಮುಖದ ಮುದ್ರೆ

ಬರೆಯುವವನಿಗೂ ಓದುವವನಿಗೂ ನಡುವೆ ಹಿಂದೆ ಒಂದು ಅಂತರವಿದ್ದಿತು. ಲೇಖನವು ಮಾಸಪತ್ರಿಕೆಯಲ್ಲಿ ಅಚ್ಚಾಗಿ, ಅಂಚೆಯಲ್ಲಿ ಊರೂರಿಗೆ ಹೋಗಿ, ಅದನ್ನು ಓದಿದವರೊಬ್ಬರು ತಮ್ಮ ಸಂತೋಷವನ್ನಾಗಲಿ ಅಸಮಾಧಾನವನ್ನಾಗಲಿ ಕಾರ್ಡಿನಲ್ಲಿ ಬರೆದು ತಿಳಿಸುವ ವೇಳೆಗೆ ಒಂದೆರಡು ತಿಂಗಳಾದರೂ ಕಳೆದಿರುತ್ತಿದ್ದಿತು. ಕಾರ್ಡು ಬರೆಯಬೇಕಾದರೆ ಅದನ್ನು ಕೊಂಡು ತರಬೇಕು, ಒಂದೆಡೆ ಕುಳಿತುಕೊಳ್ಳಬೇಕು, ಕೊನೆಯಲ್ಲಿ ತನ್ನ ಹೆಸರನ್ನು ಹಾಕಬೇಕು. ಈ ಮೂರು ಕೆಲಸಗಳಲ್ಲಿಯೇ ಅರ್ಧ ಕೋಪವು ಇಳಿದುಹೋಗುತ್ತಿದ್ದಿತು. ಈಗ ಆ ಅಂತರವಿಲ್ಲ. ಬೆಳಗ್ಗೆ ಆರು ಗಂಟೆಗೆ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದರೆ, ಕೈಯಲ್ಲಿರುವ ಕಾಫಿ ಆರುವುದರೊಳಗಾಗಿ ಅದರ ಕೆಳಗೆ ಹತ್ತು ಮುದ್ರೆಗಳು ಬಿದ್ದಿರುತ್ತವೆ. ಬೇಕಾದುವೂ ಬೀಳುತ್ತವೆ, ಬೇಡವಾದುವೂ ಬೀಳುತ್ತವೆ. ಬೇಡವಾದುವನ್ನು ಏನು ಮಾಡತಕ್ಕದ್ದೆಂಬ ವಿಚಾರದಲ್ಲಿ ನನ್ನ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ. ನನ್ನಂತೆಯೇ ನಿವೃತ್ತರಾದ ಮೇಲೆ ಈ ಬಗೆಯ ಬರವಣಿಗೆಗೆ ಕೈಹಾಕಿದವರು ನಮ್ಮ ಸಂಘದಲ್ಲಿಯೇ ಹಲವರಿರುವರು.

ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವನಿಗೆ ಈ ಮುದ್ರೆಗಳನ್ನು ಕಂಡೊಡನೆ ಬೇರೊಂದು ಪಟ್ಟಿಯು ನೆನಪಾಗದೆ ಇರದು. 2009ರಲ್ಲಿ ಫೇಸ್‌ಬುಕ್ಕಿನವರು ಹೆಬ್ಬೆರಳನ್ನೆತ್ತಿ ತೋರಿಸುವ ಲೈಕ್ ಎಂಬ ಒಂದೇ ಮುದ್ರೆಯನ್ನು ಇಟ್ಟರು. 2016ರ ಫೆಬ್ರವರಿಯಲ್ಲಿ ಪ್ರೀತಿ, ನಗು, ಬೆರಗು, ದುಃಖ, ಕೋಪ ಎಂಬ ಐದನ್ನು ಅದರೊಡನೆ ಸೇರಿಸಿದರು. 2020ರಲ್ಲಿ, ಕೊರೋನಾ ಹಬ್ಬಿದ್ದ ಕಾಲದಲ್ಲಿ, ಹೃದಯವನ್ನು ಅಪ್ಪಿಕೊಂಡ ಮುಖವೊಂದು ಬಂದಿತು. ಭರತನು ಎಣಿಸಿದ ಸ್ಥಾಯಿಭಾವಗಳು ಎಂಟು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. 2016ರ ಐದು ಮುದ್ರೆಗಳೂ ಈ ಎಂಟರೊಳಗಿನವೇ ಎಂಬುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಉತ್ಸಾಹ, ಭಯ, ಜುಗುಪ್ಸೆಗಳಿಗೆ ಮಾತ್ರ ಅಲ್ಲಿ ಸ್ಥಳ ದೊರೆಯಲಿಲ್ಲ. ಜುಗುಪ್ಸೆಯನ್ನು ಬಿಟ್ಟುದು ಅವರ ವಿವೇಕವೆಂದೇ ನನ್ನ ಅಭಿಪ್ರಾಯ. ಅದಕ್ಕೂ ಒಂದು ಮುದ್ರೆಯಿದ್ದಿದ್ದರೆ ಚುನಾವಣೆಯ ಕಾಲದಲ್ಲಿ ಉಳಿದವಕ್ಕೆ ಕೆಲಸವೇ ಇರುತ್ತಿರಲಿಲ್ಲ.

ನೋಡುವವರ ಪ್ರತಿಕ್ರಿಯೆಗಳನ್ನು ಕುರಿತು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ವಿಸ್ತಾರವಾದ ಪ್ರಸ್ತಾವವುಂಟು. ಪ್ರಯೋಗವು ಸಿದ್ಧಿಸಿತೆಂದು ತಿಳಿಯುವುದು ಹೇಗೆ? ಸಭೆಯವರು ಮುಗುಳ್ನಗುವರು, ಅರೆನಗುವರು, ಗಟ್ಟಿಯಾಗಿ ನಗುವರು, ಸಾಧು ಎನ್ನುವರು, ಅಹೋ ಎನ್ನುವರು, ಕರುಣದಲ್ಲಿ ಕಷ್ಟಂ ಎನ್ನುವರು. ಮೈ ಪುಲಕಗೊಳ್ಳುವುದು, ಎದ್ದು ನಿಲ್ಲುವರು, ಉತ್ತರೀಯವನ್ನೂ ಉಂಗುರವನ್ನೂ ಎಸೆಯುವರು. ಇವು ಮಾನುಷೀ ಸಿದ್ಧಿಯ ಲಕ್ಷಣಗಳು. ಇದಕ್ಕಿಂತ ಮೇಲಾದ ದೈವೀ ಸಿದ್ಧಿಯೊಂದುಂಟು. ರಂಗವು ತುಂಬಿರುವುದು, ಶಬ್ದವಿಲ್ಲ, ಕ್ಷೋಭೆಯಿಲ್ಲ. ಓದಿ ಸುಮ್ಮನೆ ಕುಳಿತವನಿಗೆ ಫೇಸ್‌ಬುಕ್ಕಿನಲ್ಲಿ ಮುದ್ರೆಯಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಅದೇ ಅಧ್ಯಾಯದಲ್ಲಿ ಸಿದ್ಧಿಗೆ ಒದಗುವ ಘಾತಗಳ ವಿಚಾರವೂ ಬರುತ್ತದೆ. ದೈವದಿಂದ ಬರುವುವು ಕೆಲವು, ನಟನಿಂದಲೇ ಆಗುವುವು ಕೆಲವು, ಪರರಿಂದ ಒದಗುವುವು ಕೆಲವು. ಪರರು ಹೀಗೇಕೆ ಮಾಡುವರೆಂಬುದಕ್ಕೆ ಮಾತ್ಸರ್ಯ, ದ್ವೇಷ, ಪಕ್ಷಪಾತ ಮೊದಲಾದ ಕಾರಣಗಳನ್ನು ಹೇಳಿದೆ. ಮಾಡುವುದಾದರೂ ಏನು? ಕೂಗುವುದು, ಸಗಣಿಯನ್ನೂ ಹೆಂಟೆಯನ್ನೂ ರಂಗದ ಮೇಲೆ ಎಸೆಯುವುದು, ಇರುವೆಗಳನ್ನು ತಂದು ಚೆಲ್ಲುವುದು. ಇರುವೆಗಳನ್ನು ಹಿಡಿದು ತರುವಷ್ಟು ಶ್ರಮವನ್ನು ವಹಿಸುತ್ತಿದ್ದ ಆ ಕಾಲದ ದ್ವೇಷಿಗಳನ್ನು ಕಂಡರೆ ಒಂದು ಬಗೆಯ ಗೌರವವೇ ಹುಟ್ಟುತ್ತದೆ.

ಇಷ್ಟು ಪೀಠಿಕೆಯು ಏಕೆಂದರೆ, ಇದೆಲ್ಲವೂ ನನಗೆ ಉಪಯೋಗಕ್ಕೆ ಬಂದ ಪ್ರಸಂಗವೊಂದು ಒದಗಿತು. ನಾನು ಬಹುಕಾಲ ಕೆಲಸಮಾಡಿದ ಹಳ್ಳಿಯ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನನು ಕಳೆದ ವರ್ಷ ತೀರಿಕೊಂಡನು. ಗಂಟೆಯೆಂದರೆ ಹುಣಿಸೆಯ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡು. ಅವನನ್ನು ಕುರಿತು ನಾನು ಒಂದು ಪುಟದಷ್ಟು ಬರೆದು ಫೇಸ್‌ಬುಕ್ಕಿನಲ್ಲಿ ಹಾಕಿದೆನು. ಮಳೆಗಾಲದಲ್ಲಿ ಅವನು ಕೊನೆಯ ಗಂಟೆಯನ್ನು ಹತ್ತು ನಿಮಿಷ ಮುಂಚಿತವಾಗಿಯೇ ಹೊಡೆದುಬಿಡುತ್ತಿದ್ದನು. ಆಚೆಯ ಹಳ್ಳಿಯ ಮಕ್ಕಳು ನೀರು ಏರುವುದರೊಳಗಾಗಿ ಹಳ್ಳವನ್ನು ದಾಟಬೇಕಾಗಿದ್ದಿತು. ಮುಖ್ಯೋಪಾಧ್ಯಾಯರು ಒಮ್ಮೆ ಗದರಿಸಿ ಕೇಳಿದಾಗ, “ಗಡಿಯಾರ ಇಸ್ಕೂಲಿಂದು ಸ್ವಾಮಿ, ಹಳ್ಳ ನಮ್ಮೂರ್ದು” ಎಂದು ಉತ್ತರ ಕೊಟ್ಟಿದ್ದನು. ಅದನ್ನೂ ಬರೆದಿದ್ದೆನು.

ದುಃಖದ ಮುದ್ರೆಗಳು ಬಂದುವು, ಕೈಮುಗಿದ ಚಿತ್ರಗಳು ಬಂದುವು. ಅವುಗಳ ನಡುವೆ ಕಣ್ಣಲ್ಲಿ ನೀರು ಬರುವಂತೆ ಬಾಯ್ತೆರೆದು ನಗುವ ಮುಖವೊಂದು. ಮರುದಿನ ಸಂಜೆ ಆ ಜವಾನನ ಮಗಳು ನನಗೆ ಫೋನ್ ಮಾಡಿದಳು. “ಮೇಷ್ಟ್ರೇ, ನೀವು ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ. ತುಂಬಾ ಅತ್ತರು. ಆದ್ರೆ ಕೆಳಗಡೆ ಒಬ್ಬರು ನಕ್ಕಿದ್ದಾರಲ್ಲ, ನಮ್ಮಪ್ಪ ಅವರಿಗೇನು ಮಾಡಿದ್ರು?” ಎಂದು ಕೇಳಿದಳು. ಆಕೆಯ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಇಷ್ಟು ದಿನ ಇಂಥ ಮುದ್ರೆಗಳು ನನ್ನ ಬರಹಕ್ಕೆ ಬಿದ್ದಾಗ ನಾನು ಅವುಗಳನ್ನು ದಾಟಿಕೊಂಡು ಹೋಗುತ್ತಿದ್ದೆನು. ನನ್ನ ಬೆನ್ನಿಗೆ ಬಿದ್ದ ಹೆಂಟೆ ನನ್ನದು, ಒದರಿಕೊಂಡರೆ ಆಯಿತು. ಇದು ಹಾಗಲ್ಲ. ನಾನು ಕರೆತಂದು ಜನರ ಮುಂದೆ ನಿಲ್ಲಿಸಿದ ಸತ್ತವನ ಮೇಲೆ, ಅವನ ಹೆಂಡತಿಯ ಮೇಲೆ ಬಿದ್ದುದು.

ನಕ್ಕವನು ಯಾರೆಂದು ಬೆರಳಿಟ್ಟು ನೋಡಿದರೆ ನನ್ನ ಹಳೆಯ ಶಿಷ್ಯನೇ! ಈಗ ಬೆಂಗಳೂರಿನಲ್ಲಿರುವನು. ಎಲ್ಲರ ಎದುರಿಗೆ ಅಲ್ಲಿಯೇ ಕೇಳದೆ, ಸಂಖ್ಯೆಯನ್ನು ಹುಡುಕಿ ಫೋನಿನಲ್ಲಿಯೇ ಕೇಳಿದೆನು. ಏನಪ್ಪ, ಅಲ್ಲಿ ನಗುವಂಥದು ಏನಿತ್ತು ಎಂದರೆ, ಅವನು ಗಾಬರಿಯಾಗಿ, “ಸಾರ್, ಆ ಹಳ್ಳದ ಮಾತಿಗೆ ನಕ್ಕೆ. ಆ ಹಳ್ಳ ದಾಟ್ತಿದ್ದ ಹುಡುಗರಲ್ಲಿ ನಾನೂ ಒಬ್ಬ ಅಲ್ವಾ?” ಎಂದನು. ಅವನ ನಗುವಿನಲ್ಲಿ ದೋಷವೇನೂ ಇರಲಿಲ್ಲ. ಆ ಮಾತಿಗೆ ಯಾರಾದರೂ ನಗಬೇಕಾದುದೇ. ಆದರೆ ನಾಟಕಶಾಲೆಯಲ್ಲಿ ನಗೆಯು ತಾನು ಹುಟ್ಟಿದ ಮಾತಿನ ಮೇಲೆಯೇ ಬೀಳುವುದು. ಮುಂದಿನ ಮಾತಿಗೆ ಕಣ್ಣೀರು ಬಂದರೆ ಅದು ಆ ಮಾತಿನದು. ಇಲ್ಲಿ ನಕ್ಕ ಸ್ಥಳವನ್ನು ತೋರಿಸುವ ಅನುಕೂಲವಿಲ್ಲ. ಒಂದು ಸಾಲಿನ ನಗೆಯು ಲೇಖನದ ಹಣೆಗೆಲ್ಲ ಅಂಟಿಕೊಳ್ಳುವುದು. ಮುದ್ರೆಯನ್ನು ತೆಗೆದುಬಿಡಲೇ ಎಂದು ಅವನು ಕೇಳಿದನು. ಬೇಡ, ಕೆಳಗೆ ಎರಡು ಸಾಲು ಬರೆ ಎಂದೆನು. ಅವನು ಎರಡಲ್ಲ, ಇಪ್ಪತ್ತು ಸಾಲು ಬರೆದನು. ನೀರು ಮೊಳಕಾಲಿಗೆ ಬಂದ ದಿನ ಆ ಜವಾನನೇ ತನ್ನನ್ನು ಹೆಗಲಮೇಲೆ ಹೊತ್ತು ದಾಟಿಸಿದ್ದನ್ನು ಬರೆದನು. ಅದು ನನಗೂ ತಿಳಿಯದಿದ್ದ ಸಂಗತಿ. ಮಗಳಿಗೂ ತಿಳಿದಿರಲಿಲ್ಲವಂತೆ.

ಮುದ್ರೆಯಲ್ಲವೇ, ಅದಕ್ಕೇಕೆ ಇಷ್ಟು ಗಾಬರಿ ಎನ್ನುವವರುಂಟು. ಮಹಾರಾಷ್ಟ್ರದ ಪಾಲ್ಘರಿನಲ್ಲಿ 2012ರ ನವೆಂಬರಿನಲ್ಲಿ ತರುಣಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದುದಕ್ಕೂ, ಅವಳ ಗೆಳತಿಯು ಅದಕ್ಕೆ ಲೈಕ್ ಒತ್ತಿದುದಕ್ಕೂ ಇಬ್ಬರನ್ನೂ ಪೊಲೀಸರು ಬಂಧಿಸಿದ್ದರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿದ ಮೊಕದ್ದಮೆಯ ಹಿನ್ನೆಲೆಯಲ್ಲಿ ಈ ಪ್ರಸಂಗವೂ ಇದ್ದಿತು. ಯಂತ್ರವೂ ಮುದ್ರೆಗಳನ್ನು ಹಗುರವಾಗಿ ಎಣಿಸುವುದಿಲ್ಲ. 2017ರಿಂದ ಕೆಲವು ಕಾಲ ಫೇಸ್‌ಬುಕ್ಕಿನ ಲೆಕ್ಕದಲ್ಲಿ ನಗು, ಕೋಪ ಮೊದಲಾದ ಒಂದೊಂದು ಮುಖಕ್ಕೂ ಐದು ಲೈಕಿನ ತೂಕವಿದ್ದಿತೆಂದೂ, ಕೋಪದ ಮುಖದ ತೂಕವನ್ನು 2020ರಲ್ಲಿ ಸೊನ್ನೆಗೆ ಇಳಿಸಿದರೆಂದೂ 2021ರಲ್ಲಿ ಹೊರಬಿದ್ದ ಕಂಪೆನಿಯ ಒಳಗಿನ ಕಾಗದಗಳಿಂದ ಲೋಕಕ್ಕೆ ತಿಳಿದುಬಂದಿತು. ಎಂದರೆ ಹಾಸ್ಯಮಾಡಿ ನಕ್ಕವನು, ತಾನು ಹೀಯಾಳಿಸಿದ ಬರಹವನ್ನು ತಾನೇ ಹೊತ್ತು ಐದು ಪಟ್ಟು ಮೆರವಣಿಗೆ ಮಾಡಿದಂತಾಗುತ್ತಿದ್ದಿತು.

ಶಿಷ್ಯನ ನಗುವಿನ ಕಥೆ ಹೀಗಾಯಿತು. ಆದರೆ ಅದೇ ಲೇಖನದ ಕೆಳಗೆ ಬೇರೆ ಇಬ್ಬರು ಬಂದಿದ್ದರು. ಒಬ್ಬನು ಒಬ್ಬ ಜವಾನನಿಗೆ ಇಷ್ಟು ವೈಭವವೇಕೆ, ಅವನದು ಯಾವ ಜಾತಿ ಎಂದು ಕೇಳಿದ್ದನು. ಇನ್ನೊಬ್ಬನು ಅದಕ್ಕೆ ಉತ್ತರವಾಗಿ ಯಾವುದೋ ರಾಜಕೀಯ ಪಕ್ಷವನ್ನು ಎಳೆದುತಂದಿದ್ದನು. ಇಬ್ಬರೂ ನನಗೆ ಪರಿಚಿತರಲ್ಲ. ಇಬ್ಬರ ಮುಖದ ಸ್ಥಳದಲ್ಲಿಯೂ ಹೂವಿನ ಚಿತ್ರ. ಇವರೊಡನೆ ವಾದಕ್ಕೆ ಇಳಿಯಲಿಲ್ಲ. ಎರಡು ಕಮೆಂಟುಗಳನ್ನೂ ಅಳಿಸಿ, ಇಬ್ಬರನ್ನೂ ಬ್ಲಾಕ್ ಮಾಡಿದೆನು.

ನನ್ನ ಹಿರಿಯ ಮಿತ್ರರೊಬ್ಬರು ಇದನ್ನು ಕೇಳಿ ಆಕ್ಷೇಪಿಸಿದರು. ಸಾರ್ವಜನಿಕವಾಗಿ ಬರೆದ ಮೇಲೆ ಸಾರ್ವಜನಿಕರ ಬಾಯಿಯನ್ನು ಮುಚ್ಚಬಾರದು, ಹೊಲಸೂ ದಾಖಲೆಯೇ ಎಂಬುದು ಅವರ ಪಕ್ಷ. ನನ್ನ ಗೋಡೆಯನ್ನು ಅವರು ಬೀದಿಯೆಂದು ಭಾವಿಸಿರುವರು; ನಾನು ಅದನ್ನು ನಮ್ಮ ಮನೆಯ ಜಗಲಿಯೆಂದು ಭಾವಿಸುವೆನು. ಜಗಲಿಗೆ ಯಾರು ಬೇಕಾದರೂ ಬರಬಹುದು, ಕುಳಿತು ನನ್ನ ಮಾತನ್ನು ಖಂಡಿಸಬಹುದು. ಆದರೆ ಅಲ್ಲಿ ಕುಳಿತ ಮತ್ತೊಬ್ಬ ಅತಿಥಿಯ ಮೇಲೆ ಉಗುಳುವವನನ್ನು ಇಳಿದುಹೋಗು ಎನ್ನುವುದು ಮನೆಯ ಯಜಮಾನನ ಕೆಲಸ. ನನ್ನನ್ನು ಬಯ್ದ ಮಾತುಗಳನ್ನು ನಾನು ಅಳಿಸಿದ್ದಿಲ್ಲ.

ಸಾಧನಗಳ ವಿಚಾರವನ್ನು ಚಿಕ್ಕದಾಗಿ ಹೇಳುವೆನು, ಏಕೆಂದರೆ ಅವು ಆಗಾಗ ಬದಲಾಗುತ್ತಿರುತ್ತವೆ. ಪೋಸ್ಟನ್ನು ಯಾರು ನೋಡಬಹುದು, ಯಾರು ಕಮೆಂಟ್ ಬರೆಯಬಹುದು ಎಂಬುದನ್ನು ಫೇಸ್‌ಬುಕ್ಕಿನಲ್ಲಿ ಬರೆದವನೇ ಗೊತ್ತುಮಾಡಬಹುದು. ತನ್ನ ಪೋಸ್ಟಿನ ಕೆಳಗಿನ ಕಮೆಂಟನ್ನು ಅಳಿಸಬಹುದು. ಮುದ್ರೆಗಳ ಲೆಕ್ಕವನ್ನು ಮರೆಮಾಡುವ ಅನುಕೂಲವೂ 2021ರಲ್ಲಿ ಬಂದಿತು. ಆದರೆ ಇನ್ನೊಬ್ಬನು ಒತ್ತಿದ ಮುದ್ರೆಯೊಂದನ್ನೇ ಆರಿಸಿ ತೆಗೆಯುವ ಅಧಿಕಾರವು ಬರೆದವನಿಗಿಲ್ಲ. ಒತ್ತಿದವನೇ ತೆಗೆಯಬೇಕು. ಆದುದರಿಂದಲೇ ನಾನು ಶಿಷ್ಯನಿಗೆ ಫೋನ್ ಮಾಡಬೇಕಾಯಿತು. ಆ ಅಧಿಕಾರವಿದ್ದಿದ್ದರೆ ಹಳ್ಳವನ್ನು ದಾಟಿಸಿದ ಕಥೆಯು ಹೊರಗೆ ಬರುತ್ತಲೇ ಇರಲಿಲ್ಲ. ವಾಟ್ಸಾಪಿಗೆ ಈ ಮುದ್ರೆಗಳು 2022ರ ಮೇ ತಿಂಗಳಲ್ಲಿ ಬಂದುವು. ಅಲ್ಲಿ ಮುದ್ರೆ ಬಿದ್ದಾಗಲೆಲ್ಲ ಫೋನು ಸದ್ದುಮಾಡದಂತೆ ನಿಲ್ಲಿಸುವುದು ಸಾಧ್ಯ, ನಾನು ನಿಲ್ಲಿಸಿರುವೆನು. ಫೇಸ್‌ಬುಕ್ಕಿನಲ್ಲಿ ಬರೆದ ದಿನ ರಾತ್ರಿ ಊಟವಾದ ಮೇಲೆ ಒಂದು ಸಲ ಮಾತ್ರ ಕೆಳಗೆ ಏನು ಬಂದಿದೆಯೆಂದು ನೋಡುವೆನು. ಮತ್ತೊಬ್ಬರನ್ನು ಕುರಿತು ಬರೆದಾಗ ಈ ನಿಯಮವಿಲ್ಲ, ಗಂಟೆಗೊಮ್ಮೆ ನೋಡುವೆನು.

ಇನ್ನೊಂದು ಜಾತಿಯ ಬೇಡದ ಪ್ರತಿಕ್ರಿಯೆಯುಂಟು. ಅದು ಹಿತವಲ್ಲ, ಆದರೆ ಘಾತವೂ ಅಲ್ಲ. ಆ ಲೇಖನದ ಕೆಳಗೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕೋಪದ ಮುದ್ರೆಯನ್ನು ಒತ್ತಿ, ತಮ್ಮ ಹೆಸರಿನಲ್ಲಿಯೇ ನಾಲ್ಕು ವಾಕ್ಯಗಳನ್ನು ಬರೆದರು. ಹೊತ್ತಿಗೆ ಮುಂಚೆ ಗಂಟೆ ಹೊಡೆದುದನ್ನು ಗುಣವೆಂದು ವರ್ಣಿಸಿದರೆ ಶಾಲೆಯ ಶಿಸ್ತು ಏನಾಗಬೇಕು, ವರ್ಷದಲ್ಲಿ ಎಷ್ಟು ಪಾಠದ ಹೊತ್ತು ಹಾಳಾಯಿತೆಂದು ಯಾರಾದರೂ ಲೆಕ್ಕ ಹಾಕಿದರೇ ಎಂಬುದು ಅವರ ಪ್ರಶ್ನೆ. ಓದಿದಾಗ ನನಗೆ ಚುಚ್ಚಿದ್ದು ನಿಜ. ಆದರೂ ಅದನ್ನು ಉಳಿಸಿಕೊಂಡು ಉತ್ತರವನ್ನು ಬರೆದೆನು. ಆಚೆಯ ಹಳ್ಳಿಯ ಮಕ್ಕಳ ಹಾಜರಿಯು ಮಳೆಗಾಲದಲ್ಲಿ ಕಡಿಮೆಯಾಗದೆ ಇದ್ದುದಕ್ಕೆ ಆ ಹತ್ತು ನಿಮಿಷವೇ ಕಾರಣವೆಂದು ನನ್ನ ಸಮಾಧಾನ. ತಾಯಂದಿರು ಗಂಟೆಯನ್ನು ನಂಬಿ ಮಕ್ಕಳನ್ನು ಕಳುಹಿಸುತ್ತಿದ್ದರು. ಅವರು ಇದಕ್ಕೆ ಪ್ರತ್ಯುತ್ತರವನ್ನು ಬರೆದರು, ನಾನು ಅದಕ್ಕೆ ಬರೆದೆನು. ಶಿಷ್ಯನೂ ನಡುವೆ ಬಂದು ಒಂದು ಮಾತು ಸೇರಿಸಿದನು. ಅವರು ಇನ್ನೂ ಒಪ್ಪಿಲ್ಲ. ಹತ್ತು ನಿಮಿಷ ಮುಂಚೆ ಬಿಡಬೇಕಾಗಿದ್ದರೆ ಮೇಲಧಿಕಾರಿಗಳಿಂದ ಅಪ್ಪಣೆಯನ್ನು ಪಡೆಯಬೇಕಾಗಿತ್ತು ಎಂದು ಹೋದ ವಾರವೂ ಬರೆದಿರುವರು.