ನೀರು ಹೇಗಿದೆ, ಅಣ್ಣ?



ಡಿಸೆಂಬರ್ ಎರಡನೇ ವಾರ ಗೋದಲಿ ಕೆಲಸಕ್ಕೆ ಬರದೆ ಯುವಕೂಟದ ನಾಲ್ವರು ಎಲ್ಲಿ ಹೋಗಿದ್ದರು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಊಟಿಗೆ ಹೋಗಿದ್ದೆವು, ಟ್ರಯಥ್ಲಾನ್‌ಗೆ. ಪದಕ ಎಷ್ಟು ಬಂತು ಎಂದೂ ಕೇಳಿದ್ದೀರಿ. ಒಂದೂ ಬರಲಿಲ್ಲ. ಬಂದದ್ದು ನೆಗಡಿ, ಮತ್ತೆ ಒಂದು ಪಾಠ. ಅಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಮುಚ್ಚಿಟ್ಟು ಫೋಟೊ ಮಾತ್ರ ಹಂಚಿಕೊಳ್ಳುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಟ್ರಯಥ್ಲಾನ್ ಎಂದರೆ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮೂರನ್ನೂ ನಿಲ್ಲದೆ ಒಂದರ ಹಿಂದೆ ಒಂದು ಮುಗಿಸಬೇಕು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1974ರಲ್ಲಿ ಈ ಹೆಸರಿನ ಸ್ಪರ್ಧೆ ನಡೆಯಿತು, 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಬಂತು. ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ನಮಗೆ ಇದರ ಹುಚ್ಚು ಹಿಡಿದದ್ದು 2021ರಲ್ಲಿ, ಟೋಕಿಯೊದಲ್ಲಿ ಮೊದಲ ಸಲ ಮಿಶ್ರ ರಿಲೇ ನಡೆದಾಗ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಒಬ್ಬೊಬ್ಬರೂ ಒಂದು ಪುಟ್ಟ ಟ್ರಯಥ್ಲಾನ್ ಮುಗಿಸಿ ಮುಂದಿನವರ ಕೈ ಮುಟ್ಟಬೇಕು. ನಾಲ್ವರೂ ಮುಗಿಸಿದರೆ ಮಾತ್ರ ತಂಡ ಗುರಿ ಮುಟ್ಟಿದಂತೆ. ಫೋನಿನಲ್ಲಿ ಅದನ್ನು ನೋಡಿ, ಇದು ನಮ್ಮ ಯುವಕೂಟಕ್ಕೇ ಮಾಡಿಸಿದ ಹಾಗಿದೆ ಎಂದುಕೊಂಡೆವು.

ತಾಳವಾಡಿಯಲ್ಲಿ ಈಜುಕೊಳ ಎಲ್ಲಿಂದ ಬರಬೇಕು? ತೋಟದ ಬಾವಿಯಲ್ಲೇ ಸುತ್ತು ಹೊಡೆದೆವು. ಬಾವಿಯಲ್ಲಿ ಈಜಿದವರಿಗೆ ಗುಂಡಗೆ ತಿರುಗುವುದು ಗೊತ್ತು, ನೇರ ಹೋಗುವುದು ಗೊತ್ತಿಲ್ಲ. ಸೈಕಲ್ ನಾಲ್ಕರಲ್ಲಿ ಎರಡು ಸಾಲದವು. ಬೆಳಗಿನ ಜಾವ ಆನೆ ಭಯ, ಹಾಗಾಗಿ ಬಿಸಿಲು ಬಂದ ಮೇಲೆಯೇ ಚಾಮರಾಜನಗರದ ರಸ್ತೆಯಲ್ಲಿ ಅಭ್ಯಾಸ. ಎಂಟು ತಿಂಗಳು ಹೀಗೇ ನಡೆಯಿತು. ನಾಲ್ವರಲ್ಲಿ ನಾವಿಬ್ಬರು ಹಿರಿಯರು, ಒಬ್ಬಳು ತಂಗಿ, ಒಬ್ಬ ತಮ್ಮ. ತಂಗಿ ಸೈಕಲ್‌ನಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಹುಡುಗಿ ಪ್ಯಾಂಟು ಹಾಕಿಕೊಂಡು ರಸ್ತೆ ತುಂಬ ಸೈಕಲ್ ತುಳಿಯುತ್ತಾಳೆ ಎಂಬ ಮಾತನ್ನೆಲ್ಲ ಕೇಳಿಸಿಕೊಂಡು, ಒಂದು ದಿನವೂ ತಪ್ಪಿಸದೆ ಬಂದವಳು. ತಮ್ಮನಿಗೆ ಹತ್ತೊಂಬತ್ತು, ಕಡ್ಡಿಯಂಥ ಮೈ, ಬಾವಿಯಲ್ಲಿ ಮೀನು. ಅವನ ತಾಯಿ ಚೆಂಡುಹೂ ಕೀಳುವ ಕೆಲಸಕ್ಕೆ ಹೋಗುತ್ತಾರೆ. ಹೊರಡುವ ದಿನ ಅವರು ನಮಗೆ ಹೇಳಿದ್ದು ಒಂದೇ ಮಾತು: “ನೀವಿದ್ದೀರಲ್ಲಾ, ನಂಗೇನು ಯೋಚ್ನೆ ಇಲ್ಲ.”

ಶುಕ್ರವಾರ ಮಧ್ಯಾಹ್ನ ಕೋಸು ಸಾಗಿಸುವ ಪಿಕಪ್‌ಗೆ ಸೈಕಲ್ ಏರಿಸಿ ಹೊರಟೆವು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಅಷ್ಟರೊಳಗೆ ಕಾಡು ದಾಟಬೇಕು. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಘಾಟಿ ಹತ್ತುತ್ತಿದ್ದ ಹಾಗೆ ಹಿಂದೆ ಕೂತವರ ಮಾತು ನಿಂತಿತು. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ. ಫೋನು 4 ಡಿಗ್ರಿ ಎಂದು ತೋರಿಸುತ್ತಿತ್ತು.

ಎರಡು ದಿನದ ಸ್ಪರ್ಧೆ. ಶನಿವಾರ ಒಬ್ಬೊಬ್ಬರಾಗಿ: 400 ಮೀಟರ್ ಈಜು, 10 ಕಿಲೋಮೀಟರ್ ಸೈಕಲ್, ಎರಡೂವರೆ ಕಿಲೋಮೀಟರ್ ಓಟ. ಭಾನುವಾರ ಮಿಶ್ರ ರಿಲೇ. ಈಜು ಒಂದು ಶಾಲೆಯ ಕೊಳದಲ್ಲಿ. ಕೊಳದ ಪಕ್ಕದ ಬೋರ್ಡಿನಲ್ಲಿ ನೀರು 17 ಡಿಗ್ರಿ ಎಂದು ಬರೆದಿದ್ದರು. ಅಂತರರಾಷ್ಟ್ರೀಯ ನಿಯಮದಲ್ಲಿ ನೀರು 12 ಡಿಗ್ರಿಗಿಂತ ಕೆಳಗಿಳಿದರೆ ಈಜು ರದ್ದು. ಹಾಗಾಗಿ 17 ನಮಗೆ ದೊಡ್ಡದಾಗಿ ಕಾಣಲಿಲ್ಲ. ಸುತ್ತ ಹಲವರು ಮೈಗಂಟುವ ರಬ್ಬರಿನ ವೆಟ್‌ಸೂಟ್ ಹಾಕಿಕೊಳ್ಳುತ್ತಿದ್ದರು. ನಮ್ಮ ಹತ್ತಿರ ಅದು ಇರಲಿಲ್ಲ.

ನಾವಿಬ್ಬರು ಹಿರಿಯರದು ಮೊದಲ ಗುಂಪು. ನೀರಿಗೆ ಬಿದ್ದ ಕೂಡಲೇ ಎದೆಗೆ ಗುದ್ದಿದಂತಾಯಿತು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮೊದಲ ಎರಡು ಸುತ್ತು ಈಜಿದೆವು ಎನ್ನುವುದಕ್ಕಿಂತ ಒದ್ದಾಡಿದೆವು ಎನ್ನಬೇಕು. ಹೊರಗೆ ಬಂದಾಗ ಬೆರಳು ಮರಗಟ್ಟಿ ಶೂ ಲೇಸು ಎಳೆಯಲಾಗಲಿಲ್ಲ. ಸೈಕಲ್‌ನಲ್ಲಿ ಇಳಿಜಾರು ಬಂದಾಗ ಗಾಳಿ ಹಲ್ಲಿಗೆ ತಾಗುತ್ತಿತ್ತು. ಹೇಗೋ ಮುಗಿಸಿದೆವು.

ಮುಗಿಸಿ ಬಂದಾಗ ತಮ್ಮ ಕೊಳದ ಬೇಲಿಯ ಹತ್ತಿರ ತನ್ನ ಗುಂಪಿಗಾಗಿ ಕಾಯುತ್ತಿದ್ದ. “ನೀರು ಹೇಗಿದೆ, ಅಣ್ಣ?” ಎಂದು ಕೇಳಿದ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಕ್ಕೆವು. “ಏನಿಲ್ಲ ಕಣೋ, ನಮ್ಮ ಬಾವಿ ನೀರೇ” ಅಂದೆವು. ಜಾಕೆಟ್ ಎಲ್ಲಿಡಲಿ ಎಂದು ಕೇಳಿದ್ದಕ್ಕೆ, ಸೈಕಲ್ ಹತ್ತುವಾಗ ಜಾಕೆಟ್ ಹಾಕುತ್ತಾ ಕೂತರೆ ಸಮಯ ಹಾಳು, ಬ್ಯಾಗಿನಲ್ಲೇ ಬಿಡು ಅಂದೆವು.

ಅವನು ಹೆದರಬಾರದು ಎಂದು ಹಾಗೆ ಹೇಳಿದೆವು. ಈಗ ಯೋಚಿಸಿದರೆ ಅದರಲ್ಲಿ ಅರ್ಧ ನಿಜ. ನಮಗೆ ಅಷ್ಟು ಚಳಿಯಾಯಿತು ಎಂದು ಚಿಕ್ಕವರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯೂ ಇತ್ತು.

ಈಜಿನಲ್ಲಿ ಅವನು ತನ್ನ ಗುಂಪಿನಲ್ಲಿ ಮೂರನೆಯವನಾಗಿ ಹೊರಗೆ ಬಂದ. ನಾವು ಬೇಲಿಯ ಹೊರಗೆ ನಿಂತು ಕೂಗಿದ್ದೇ ಕೂಗಿದ್ದು. ಟ್ರಾನ್ಸಿಷನ್ ಎಂದು ಕರೆಯುವ ಜಾಗದಲ್ಲಿ ಸೈಕಲ್ ನಿಲ್ಲಿಸಿರುತ್ತಾರೆ. ಹೆಲ್ಮೆಟ್ ಕ್ಲಿಪ್ ಹಾಕದೆ ಸೈಕಲ್ ಮುಟ್ಟುವಂತಿಲ್ಲ, ಅದು ನಿಯಮ. ಅವನ ಕೈ ಆ ಕ್ಲಿಪ್ ಹಾಕಲಿಲ್ಲ. ಒಂದು ಸಲ, ಎರಡು ಸಲ, ಐದು ಸಲ. “ಬೇಗ, ಬೇಗ!” ಎಂದು ನಾವು ಕೂಗುತ್ತಿದ್ದೆವು. ಅವನು ನಮ್ಮ ಕಡೆ ತಿರುಗಿ ನೋಡಿದ. ಆ ನೋಟ ನಮಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಕೊನೆಗೆ ಕ್ಲಿಪ್ ಬಿತ್ತು, ಹತ್ತಿ ಹೋದ. ನಾವು ಚಪ್ಪಾಳೆ ತಟ್ಟಿದೆವು.

ಮೊದಲ ತಿರುವಿನಲ್ಲಿ ನಿಂತಿದ್ದ ಸ್ವಯಂಸೇವಕಿಯೊಬ್ಬರು ಅವನನ್ನು ತಡೆದರು. ಇಳಿಜಾರಿನಲ್ಲಿ ಅವನಿಗೆ ಬ್ರೇಕ್ ಹಿಡಿಯಲು ಆಗುತ್ತಿರಲಿಲ್ಲ, ಕಾಲು ನೆಲಕ್ಕೆ ಎಳೆಯುತ್ತಾ ಬರುತ್ತಿದ್ದನಂತೆ. ನಂಬರ್ ಕೇಳಿದರೆ ಎದೆಯ ಮೇಲಿದ್ದ ನಂಬರನ್ನೇ ತಪ್ಪು ಹೇಳಿದ. ಮಾತು ತೊದಲುತ್ತಿತ್ತು. ನಾವು ಓಡಿ ಹೋಗುವ ಹೊತ್ತಿಗೆ ಅವರು ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿ ಸುತ್ತಿ, ತಲೆಗೆ ಟೋಪಿ ಹಾಕಿ ಕೂರಿಸಿದ್ದರು. ಅಂಗೈ ಉಜ್ಜಲು ಹೋದ ನಮ್ಮನ್ನು ಆಂಬುಲೆನ್ಸ್‌ನ ನರ್ಸ್ ತಡೆದರು. ಇಷ್ಟು ತಣ್ಣಗಾದವರ ಕೈಕಾಲು ಉಜ್ಜಬಾರದು, ಬಿಸಿನೀರೂ ಸುರಿಯಬಾರದು. ಒಣಗಿಸಿ, ಹೊದಿಸಿ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬೆಚ್ಚಗಿನ ಸಿಹಿ ಕುಡಿಸಬೇಕು. ಅಷ್ಟೇ. ಒಂದು ಗಂಟೆಯ ನಂತರ ಅವನ ಮುಖಕ್ಕೆ ಬಣ್ಣ ಬಂತು. ಬಂದ ಮೇಲೆ ಅತ್ತ. “ನನ್ನಿಂದ ಎಲ್ಲ ಹಾಳಾಯ್ತಕ್ಕ” ಅಂದ.

ನಮ್ಮಲ್ಲಿ ಇಬ್ಬರು ಬಿ.ಎಸ್ಸಿ. ಓದಿದವರು. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗುವಾಗ ಸುಮಾರು 2,400 ಜೂಲ್ ಶಾಖ ಎಳೆದುಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇವೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಬಿಸಿ ಕಸಿಯುತ್ತದೆ ಎಂಬುದೂ ಓದಿದ್ದೇ. ಒದ್ದೆ ಮೈಯಲ್ಲಿ ತಣ್ಣನೆ ಗಾಳಿಗೆ ಸೈಕಲ್ ಹತ್ತಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಲು ಇಷ್ಟು ಸಾಕಿತ್ತು. ಆದರೆ ಸೈಕಲ್ ಪಕ್ಕದಲ್ಲಿ ಒಂದು ಟವೆಲ್ ಇಡಿಸಬೇಕು ಎಂದು ನಮಗೆ ಹೊಳೆಯಲಿಲ್ಲ.

ಸಂಜೆ ಅವನ ತಾಯಿಗೆ ಫೋನ್ ಮಾಡಬೇಕಿತ್ತು. ಏನೂ ಹೇಳುವುದು ಬೇಡ, ಊರಿಗೆ ಹೋದ ಮೇಲೆ ನೋಡೋಣ ಎಂದು ಒಂದು ಮಾತು ಬಂತು. ಅವನೇ, “ಅವ್ವನಿಗೂ ಬಾವಿ ನೀರು ಅಂತ ಹೇಳ್ತೀರಾ?” ಅಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಆದರೂ ನಮಗೆ ತಲೆ ಎತ್ತಲಾಗಲಿಲ್ಲ. ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ನೀರು ತಣ್ಣಗಿದೆ ಎಂದು ಗೊತ್ತಿದ್ದೂ ನಾವು ಹೇಳಲಿಲ್ಲ ಎಂಬುದನ್ನೂ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: “ಈಗ ಬೆಚ್ಚಗವ್ನಾ? ಉಂಡ್ನಾ?” ಬೈದಿದ್ದರೆ ಸುಲಭವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಸ್ಪರ್ಧೆ ಇದ್ದುದರಿಂದ ಶನಿವಾರ ಸಂಜೆಯ ಪೂಜೆಗೇ ಹೋದೆವು. ಪೂಜೆ ತಮಿಳಿನಲ್ಲಿ. ಬಾಯಲ್ಲಿ ತಮಿಳು ಉತ್ತರ, ಮನಸ್ಸಿನಲ್ಲಿ ಕನ್ನಡ, ಇದು ನಮಗೆ ಹೊಸದಲ್ಲ. ಪಾಪನಿವೇದನೆಯ ಹೊತ್ತಿನಲ್ಲಿ ಮಾಡಿದ ಪಾಪದ ಜೊತೆ ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಕೇಳುತ್ತೇವಲ್ಲ, ಆ ಮಾತು ಅಂದು ಬಾಯಿಪಾಠದಂತೆ ಬರಲಿಲ್ಲ.

ರಾತ್ರಿ ರಿಲೇ ಚರ್ಚೆ. ಮರುದಿನ ತಮ್ಮ ನೀರಿಗಿಳಿಯಬಾರದು ಎಂದು ನರ್ಸ್ ಹೇಳಿದ್ದರು. ತಾನು ಇಳಿದೇ ಇಳಿಯುತ್ತೇನೆ ಎಂದು ಅವನ ಹಟ. ಮೂವರಿಗೆ ರಿಲೇ ಇಲ್ಲ. ತಂಗಿ ಒಂದೂ ಮಾತಾಡಲಿಲ್ಲ. ಎಂಟು ತಿಂಗಳು ಅವಳು ಕಾದಿದ್ದು ಆ ಭಾನುವಾರಕ್ಕೆ. ಬಹಳ ಹೊತ್ತಿನ ನಂತರ, “ಹೆಸರು ವಾಪಸ್ ತಗೊಳ್ಳಿ ಅಣ್ಣ” ಎಂದು ಹೇಳಿ ಎದ್ದು ಹೋದಳು. ನಮ್ಮ ಒಂದು ಸುಳ್ಳಿಗೆ ಇಬ್ಬರು ಬೆಲೆ ಕಟ್ಟಿದರು. ಸುಳ್ಳು ಹೇಳಿದವರಿಗೆ ಏನೂ ಆಗಿರಲಿಲ್ಲ.

ಬೆಳಿಗ್ಗೆ ಹೆಸರು ವಾಪಸ್ ಪಡೆಯಲು ಹೋದಾಗ ಮೇಜಿನ ಹತ್ತಿರ ಕೊಯಮತ್ತೂರಿನ ಒಂದು ತಂಡ ಮುಖ ಸಪ್ಪೆ ಮಾಡಿಕೊಂಡು ನಿಂತಿತ್ತು. ಅವರಲ್ಲಿ ಒಬ್ಬ ಹುಡುಗಿಗೆ ಜ್ವರ. ಆಯೋಜಕರು ಒಪ್ಪಿದರು. ಹತ್ತು ನಿಮಿಷದಲ್ಲಿ ನಮ್ಮ ತಂಗಿ ಕೊಯಮತ್ತೂರಿನವಳಾದಳು. ಉಳಿದ ಮೂವರು ಸ್ವಯಂಸೇವಕರ ಜಾಕೆಟ್ ಕೇಳಿ ಪಡೆದೆವು. ಸ್ಪರ್ಧೆ ನಡೆಯುವಾಗ ಹೊರಗಿನವರು ಸ್ಪರ್ಧಿಗೆ ಸಹಾಯ ಮಾಡುವಂತಿಲ್ಲ, ಆಯೋಜಕರ ಕಡೆಯವರು ಮಾತ್ರ ಮಾಡಬಹುದು. ನಮ್ಮನ್ನು ಕೊಳದ ಮೆಟ್ಟಿಲ ಹತ್ತಿರ ಕಂಬಳಿ, ಫ್ಲಾಸ್ಕ್ ಜೊತೆ ನಿಲ್ಲಿಸಿದರು.

ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಹುಡುಗ ತಮ್ಮನನ್ನು ತಮಿಳಿನಲ್ಲಿ ಕೇಳಿದ, ನೀರು ಹೇಗಿದೆ ಎಂದು. ನಾವು ಪಕ್ಕದಲ್ಲೇ ಇದ್ದೆವು. ತಮ್ಮ ಹೇಳಿದ: “ತುಂಬಾ ತಣ್ಣಗಿದೆ. ಮೊದಲ ಒಂದು ನಿಮಿಷ ಉಸಿರು ಸಿಗುವುದಿಲ್ಲ. ಹೆದರಬೇಡ, ಅದು ಸರಿಹೋಗುತ್ತದೆ. ಮುಖ, ಕತ್ತು ಮೊದಲೇ ನೆನೆಸಿಕೋ. ನಿಧಾನ ಶುರು ಮಾಡು. ಹೊರಗೆ ಬಂದ ಮೇಲೆ ಕೈ ಕೇಳುವುದಿಲ್ಲ, ಟವೆಲ್ ಮೇಲೇ ಇಟ್ಟಿರು.” ಆ ಹುಡುಗ ತಲೆಯಾಡಿಸಿ, ಓಡಿಹೋಗಿ ತನ್ನ ಟವೆಲ್ ಸೈಕಲ್ ಮೇಲೆ ಇಟ್ಟು ಬಂದ. ಅವನು ಹೆದರಿದಂತೆ ಕಾಣಲಿಲ್ಲ. ನಿಜ ಹೇಳಿದರೆ ಚಿಕ್ಕವರು ಹೆದರುತ್ತಾರೆ ಎಂದು ನಾವು ತಿಳಿದದ್ದು ತಪ್ಪು.

ತಂಗಿಯ ತಂಡ ಏಳರಲ್ಲಿ ಐದನೆಯದಾಗಿ ಬಂತು. ಗುರಿ ಮುಟ್ಟಿದ ಅವಳಿಗೆ ಕಂಬಳಿ ಹೊದಿಸಿದ್ದು ತಮ್ಮನೇ.

ವಾಪಸ್ ಬರುವಾಗ ಪಿಕಪ್‌ನಲ್ಲಿ ಒಂದು ಮಾತು ನಡೆಯಿತು. ತಮ್ಮ ಜೂನ್‌ನಲ್ಲಿ ಕೆಲಸಕ್ಕೆ ತಿರುಪ್ಪೂರಿಗೆ ಹೋಗುವವನಿದ್ದಾನೆ. ನಮ್ಮ ಊರಿಂದ ತಿರುಪ್ಪೂರಿಗೆ, ಬೆಂಗಳೂರಿಗೆ ಹೋದವರು ಕ್ರಿಸ್ಮಸ್‌ಗೆ ಬರುತ್ತಾರೆ. ಹೊಸ ಬಟ್ಟೆ, ಹೊಸ ಫೋನು. ಅಲ್ಲಿ ಹೇಗಿದೆ ಅಣ್ಣ, ಅಕ್ಕ ಎಂದು ಚಿಕ್ಕವರು ಕೇಳುತ್ತಾರೆ. “ಏನಿಲ್ಲ, ಚೆನ್ನಾಗಿದೆ” ಎನ್ನುತ್ತೇವೆ. ಒಂದು ರೂಮಿನಲ್ಲಿ ಎಂಟು ಜನ, ಎರಡು ಶಿಫ್ಟು, ಜ್ವರ ಬಂದರೆ ನೋಡುವವರಿಲ್ಲ, ಭಾನುವಾರ ಪೂಜೆಗೆ ಹೋಗಲು ಜೊತೆಯಿಲ್ಲ, ಇದನ್ನು ಹೇಳುವುದಿಲ್ಲ. ನಾಚಿಕೆ. ಮುಂದೆ ಹೋದವರು ಹಿಂದೆ ಬರುವವರಿಗೆ ಕೊಡಬೇಕಾದ್ದು ಅದೇ ಮಾತು. ಹೋಗಬೇಡ ಎನ್ನುವುದಲ್ಲ. ನೀರು ಇಷ್ಟು ತಣ್ಣಗಿದೆ, ಟವೆಲ್ ಮೇಲೇ ಇಟ್ಟುಕೋ ಎನ್ನುವುದು.

ಈ ಸಲ ಕ್ರಿಸ್ಮಸ್‌ಗೆ ಊರಿಗೆ ಬರುವವರಲ್ಲಿ ನಮ್ಮದೊಂದು ಕೋರಿಕೆ. ಹಬ್ಬದ ಮರುದಿನ ಸಂಜೆ ಯುವಕೂಟದ ಕೋಣೆಗೆ ಬನ್ನಿ. ಹನ್ನೆರಡನೇ ತರಗತಿಯವರೂ, ಈ ವರ್ಷ ಹೊರಡುವವರೂ ಇರುತ್ತಾರೆ. ಅವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಜನವರಿ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಬಾವಿಯಲ್ಲಿ ಅಭ್ಯಾಸ ಮತ್ತೆ ಶುರು. ತಮ್ಮನೂ ಬರುತ್ತಾನೆ, ಅವನ ತಾಯಿಯನ್ನು ಕೇಳಿಯೇ ಹೇಳುತ್ತಿದ್ದೇವೆ. ಟವೆಲ್, ಉಣ್ಣೆಯ ಟೋಪಿ, ಒಣ ಬಟ್ಟೆ ತನ್ನಿ. ಬಾವಿ ನೀರು ಹೇಗಿದೆ ಎಂದು ಕೇಳಿದರೆ ನಿಜ ಹೇಳುತ್ತೇವೆ: ತಣ್ಣಗಿದೆ.