ಕಬ್ಬಿನ ದಂಡೆಯಿಂದ ದ್ರಾಕ್ಷಿಯ ಚಪ್ಪರಕ್ಕೆ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ ಬೋನ್ ಪಟ್ಟಣದಿಂದ ಹೊರಡುವ ಸೈಕಲ್ ಹಾದಿಯೊಂದು ದ್ರಾಕ್ಷಿತೋಟಗಳ ನಡುವೆಯೇ ಸಾಗುತ್ತದೆ. ಅಂಥ ಸವಾರಿಯನ್ನು ಬಯಸುವ ವಾಚಕರು ಅಷ್ಟು ದೂರ ಹೋಗಬೇಕಾಗಿಲ್ಲ; ಬೆಳಗಾವಿ ಜಿಲ್ಲೆಯ ಶಿರಗುಪ್ಪಿಯಿಂದ ಮೂಡಲಿಗೆ ಸೈಕಲ್ ತುಳಿದರೆ ಸಾಕು.

ಕೃಷ್ಣೆಗೆ ಸಮೀಪದ ಈ ಊರಿನಲ್ಲಿ ಹಾದಿಯ ಇಕ್ಕೆಲಗಳಲ್ಲೂ ಆಳೆತ್ತರದ ಕಬ್ಬು. ಮಳೆಗಾಲದಲ್ಲಿ ಎರೆಮಣ್ಣು ಚಕ್ರವನ್ನೇ ಹಿಡಿದುಬಿಡುವುದರಿಂದ ಫೆಬ್ರವರಿಯೇ ತಕ್ಕ ಕಾಲ. ಕಾಗವಾಡ, ಅಥಣಿಗಳನ್ನು ದಾಟಿ ತೆಲಸಂಗದತ್ತ ಸಾಗಿದಂತೆ ಹೊಳೆ ದೂರವಾಗುತ್ತದೆ; ಕಬ್ಬು ವಿರಳವಾಗಿ, ಗರಸಿನ ಹಾದಿಗಳ ಬದಿಯಲ್ಲಿ ದ್ರಾಕ್ಷಿಯ ಚಪ್ಪರಗಳು ಕಾಣತೊಡಗುತ್ತವೆ.

ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮ ಬಳ್ಳಿಗೆ ಆ ನಿದ್ರೆಯಿಲ್ಲ. ಏಪ್ರಿಲಿನಲ್ಲಿ ಕಡ್ಡಿಗಾಗಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ, ವರ್ಷಕ್ಕೆ 2 ಬಾರಿ ಸವರಬೇಕು. ಅಲ್ಲಿಯ ಹಣ್ಣು ಮದ್ಯವಾದರೆ, ಇಲ್ಲಿಯದು ಬಹುಮಟ್ಟಿಗೆ ನೆರಳಿನ ಶೆಡ್ಡುಗಳಲ್ಲಿ ಒಣದ್ರಾಕ್ಷಿಯಾಗುತ್ತದೆ. ಸುಮಾರು 4 ಕಿಲೋ ಹಣ್ಣು ಒಣಗಿದರೆ 1 ಕಿಲೋ. ಆಗ ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆಯೇ ಹಾಳು.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಕಬ್ಬನ್ನು ಮುಳುಗಿಸಿದಳು. ಮೂಡಲ ತೋಟಿಗರಾದರೋ ಬರಗಾಲದಲ್ಲಿ ಬಳ್ಳಿಯನ್ನುಳಿಸಲು ಟ್ಯಾಂಕರಿನ ನೀರು ಕೊಳ್ಳುತ್ತಾರೆ. ಒಂದು ಹಗಲಿನ ಹಾದಿಯಲ್ಲಿ ನೀರಿನ ಈ ಎರಡು ಮುಖಗಳೂ ಕಾಣುತ್ತವೆ.

ಹೊರಡುವಾಗ ಶಿರಗುಪ್ಪಿಯಲ್ಲೇ ನೀರು ತುಂಬಿಕೊಳ್ಳಿ. ಮುಂದೆ ಅದರ ಬೆಲೆ ಹೆಚ್ಚು.